ಸದ್ಯದ ವಿಳಾಸ: ಒಂಟಿ ಹುಣಸೆ

ಹುಣಸೆಕಾಯಿ ಬಲಿಯಲು ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸಾಸಲಿನಿಂದ ಒಬ್ಬರು, ಸೂಲಿಬೆಲೆಯಿಂದ ಇನ್ನೊಬ್ಬರು. ಎಲ್ಲರದೂ ಒಂದೇ ಪ್ರಶ್ನೆ. "ನಂಜಮ್ಮಾ, ನಿಮ್ಮತ್ರ ಮರ ಹತ್ತೋನೊಬ್ಬ ಇದ್ನಲ್ಲ, ಈಗ ಎಲ್ಲವ್ನೆ? ಎರಡು ದಿನದ ಮಟ್ಟಿಗೆ ಕಳಿಸ್ಕೊಡಿ." ಗೊತ್ತಿಲ್ಲ ಅನ್ನುತ್ತೇನೆ. ಒಬ್ಬರೂ ನಂಬುವುದಿಲ್ಲ. ಒಳ್ಳೇ ಆಳನ್ನು ಎಲ್ಲೋ ಬಚ್ಚಿಟ್ಟುಕೊಂಡಿದ್ದಾಳೆ ಈ ಹೆಂಗಸು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಹೇಳಿದ "ಗೊತ್ತಿಲ್ಲ"ಗಳಲ್ಲಿ ಮುಕ್ಕಾಲು ಪಾಲು ಸುಳ್ಳು. ಇದೊಂದು ನಿಜ. ಇದನ್ನು ಹೇಳುವಾಗ ಆಗುವ ಖುಷಿ ನನಗೆ ಯಾವ ಲಾಭದಲ್ಲೂ ಆಗಿಲ್ಲ!

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ಠಾಣೆಯ ಪುಸ್ತಕದಲ್ಲಿದ್ದ ಹೆಸರು. ಬರೆಸಿಕೊಂಡಿದ್ದು ಸಾಕು.

ನನ್ನ ಕಸುಬು ಮರ ಗುತ್ತಿಗೆ. ಹೂವು ಕಾಯಾಗುವ ಹೊತ್ತಿಗೆ ಮರ ನೋಡಿ, ಎಷ್ಟು ಫಸಲು ಬಂದೀತೆಂದು ಅಂದಾಜು ಹಾಕಿ, ಮಾಲೀಕನ ಜೊತೆ ಮಾತು ಮುಗಿಸಬೇಕು. ಅಲ್ಲಿಂದ ಹಣ್ಣು ಇಳಿಸುವತನಕ ಮರ ನನ್ನದು. ತೂಬಗೆರೆ ಕಡೆ ಹಲಸು, ಸಾಸಲು ಕಡೆ ಹುಣಸೆ, ಮಧ್ಯೆ ಮಾವು, ನೇರಳೆ. ಬೇರೆಯವರ ಅಂಗಳದಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದವಳು ನಾನು. ಕಲಿತದ್ದೆಲ್ಲ ಸ್ವಂತ ಏಟು ತಿಂದು ಕಲಿತದ್ದು. ಅದಕ್ಕೇ ಕೇಳದಿದ್ದರೂ ಹೇಳುತ್ತೇನೆ: ಮರದ ಚೌಕಾಸಿ ಮಾಡುವಾಗ ಮೇಲೆ ನೋಡಬೇಡಿ, ಮಾಲೀಕನ ಮುಖ ನೋಡಿ. ಮೇಲೆ ನೋಡುವ ಕೆಲಸವನ್ನು ಹಿಂದಿನ ದಿನ, ಅವನು ಊರಲ್ಲಿ ಇಲ್ಲದಾಗಲೇ ಮುಗಿಸಿರಬೇಕು.

ಗುತ್ತಿಗೆ ಹಿಡಿದ ಮೇಲೆ ಕಾವಲು ಬೇಕು. ಹಲಸಿನ ಮರದ ಕೆಳಗೆ ಮಲಗಲು ಆಳು ಸಿಗುತ್ತಾರೆ. ಹುಣಸೆ ಕೆಳಗೆ ಮಲಗು ಅಂದು ನೋಡಿ! ಮೈ ಹಿಡಿದುಕೊಳ್ಳುತ್ತದೆ, ದೆವ್ವ ಬಂದು ಎದೆ ಮೇಲೆ ಕೂರುತ್ತದೆ, ನಮ್ಮಮ್ಮ ಬೇಡ ಅಂದಿದ್ದಾರೆ — ಮೀಸೆ ಬಂದ ಗಂಡಸರು ಹೇಳುವ ಮಾತು ಇದು.

ಹಾಗೆ ಆಳಿಗಾಗಿ ಪರದಾಡುತ್ತಿದ್ದಾಗ ಒಂದು ಬೆಳಿಗ್ಗೆ ಅವನು ನನ್ನ ಗೋಡೌನ್ ಮುಂದೆ ಬಂದು ನಿಂತ. ಸಣಕಲು ಮೈ, ಕೈಬೆರಳು ಮಾತ್ರ ದೊಣ್ಣೆ ಹಾಗೆ ದಪ್ಪ. ಕೆಲಸ ಕೇಳುವವರು ಮೊದಲು ತಮ್ಮ ಹೆಚ್ಚುಗಾರಿಕೆ ಹೇಳುತ್ತಾರೆ. ಇವನು ತಿರುಗಾಮುರುಗಾ.

"ಅಕ್ಕಾ, ಮೊದ್ಲೇ ಹೇಳ್ಬಿಡ್ತೀನಿ. ಎರಡು ಸಲ ಜೈಲಿಗೆ ಹೋಗ್ಬಂದಿದ್ದೀನಿ. ಮೋಟ್ರು ಕೇಬಲ್."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಮೋಟಾರಿನ ಕೇಬಲ್ ಕತ್ತರಿಸಿ, ಸುಟ್ಟು, ಒಳಗಿನ ತಾಮ್ರ ಮಾರುವ ಕಳ್ಳತನ. ಬೆಳಿಗ್ಗೆ ನೀರು ಬಿಡಲು ಹೋದ ರೈತ ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಅಂಥವನು ನನ್ನ ಮುಂದೆ ಕೈಕಟ್ಟಿ ನಿಂತು ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದ. ಎರಡನೇ ಸಲ ಶಿಕ್ಷೆಯಾದಾಗ ಕೋರ್ಟು ಮಾಡಿದ ಆದೇಶ. ಬಿಡುಗಡೆಯಾದ ಮೇಲೆ ಮೂರು ವರ್ಷ ತಾನು ಎಲ್ಲಿ ವಾಸವಿದ್ದೇನೆಂದು ಪೊಲೀಸರಿಗೆ ತಿಳಿಸುತ್ತಿರಬೇಕು, ಜಾಗ ಬದಲಾದರೆ ತಿಳಿಸಬೇಕು, ಬಿಟ್ಟು ಹೋದರೂ ತಿಳಿಸಬೇಕು. ತಪ್ಪಿದರೆ ಮತ್ತೆ ಕೇಸು.

"ಸರಿ, ಮನೆ ಎಲ್ಲಿ?" ಅಂದೆ.

"ಅದೇ ಇಲ್ವಲ್ಲಕ್ಕಾ. ಬಾಡಿಗೆಗೆ ರೂಮು ಹಿಡೀತೀನಿ, ಹೋಗಿ ಠಾಣೆಗೆ ಹೇಳ್ತೀನಿ, ಅವ್ರು ನೋಡ್ಕೊಂಡು ಹೋಗೋಕೆ ಬರ್ತಾರೆ, ಪೊಲೀಸ್ನೋರ್ನ ಕಂಡ ಓನರ್ರು ಖಾಲಿ ಮಾಡು ಅಂತಾರೆ. ಮತ್ತೆ ಹೋಗಿ ಹೇಳ್ಬೇಕು. ಇದೇ ಆಗೋಯ್ತು."

"ಹುಣಸೆ ಕೆಳಗೆ ಮಲಗ್ತೀಯಾ? ದೆವ್ವದ ಭಯ ಇಲ್ವಾ?"

"ಜೈಲಲ್ಲಿ ನಲವತ್ತು ಜನರ ಮಧ್ಯೆ ಮಲಗಿದ್ದೋನಿಗೆ ಒಂದು ದೆವ್ವ ಏನಕ್ಕಾ ಮಾಡೀತು, ಪಾಪ."

ಆ "ಪಾಪ"ಕ್ಕೆ ನಾನು ಬಿದ್ದುಹೋದೆ. ಆ ಕ್ಷಣವೇ ಕೆಲಸಕ್ಕೆ ಇಟ್ಟುಕೊಂಡೆ.

ಅವನು ಮರ ಹತ್ತುವುದನ್ನು ನೋಡಬೇಕಿತ್ತು ನೀವು! ಹತ್ತುವ ಮುನ್ನ ಬೆರಳು ಮಡಚಿ ಕಾಂಡಕ್ಕೆ ಎರಡು ಸಲ ತಟ್ಟುತ್ತಿದ್ದ. ಬಾಗಿಲು ತಟ್ಟುವ ಹಾಗೆ. ಹಲಸಿನ ಕಾಯಿಯನ್ನು ತಟ್ಟಿ ಹಣ್ಣಾಗಿದೆಯಾ ಅಂತ ನೋಡುವುದು ಗೊತ್ತು, ಕಾಂಡ ತಟ್ಟಿ ಏನು ನೋಡುತ್ತೀಯೋ ಎಂದು ಕೇಳಿದೆ. "ಒಳಗಿರೋರಿಗೆ ಗೊತ್ತಾಗ್ಲಿ ಅಂತ. ಹಾವಿರ್ತದೆ, ಅಳಿಲಿರ್ತದೆ, ಕೆಂಜಿಗ ಇರ್ತಾವೆ. ಮುಂಚೆ ಎಲ್ಲೂ ತಟ್ದೇನೇ ಹೋಗ್ತಿದ್ನಲ್ಲ" ಎಂದು ಹೇಳಿ ಸರಸರನೆ ಮೇಲಕ್ಕೆ ಹೋದ. ತುದಿಕೊಂಬೆಯಲ್ಲಿ ನಿಂತು ಅವನು ಒಮ್ಮೆ ಜಾಡಿಸಿದರೆ ಕೆಳಗೆ ಹಾಸಿದ ತಾಡಪಾಲಿನ ಮೇಲೆ ಹುಣಸೆ ಜಡಿಮಳೆ. ಒಂದು ಎಳೇ ಕಾಯಿಯೂ ಬೀಳುತ್ತಿರಲಿಲ್ಲ.

ಮೊದಲ ಸಲ ಠಾಣೆಗೆ ಅವನ ಜೊತೆ ನಾನೂ ಹೋದೆ. ಅಲ್ಲಿ ಪುಸ್ತಕ ಬರೆಯುವವರು ಸ್ಥಳೀಯರೇ, ರಿಟೈರಾಗಲು ಹತ್ತಿರವಿದ್ದವರು. ಎಲ್ಲರೂ ಅವರನ್ನು ರೈಟರ್ ಅನ್ನುತ್ತಾರೆ.

"ಮನೆ ನಂಬರು?" ರೈಟರ್ ಕೇಳಿದರು.

"ಮನೆ ಇಲ್ಲ ಸಾರ್. ಹುಣಸೆಮರ."

"ಮರಾನ ಹೆಂಗಯ್ಯಾ ವಿಳಾಸ ಅಂತ ಬರೀಲಿ? ಎಲೆ ಉದುರಿದ್ರೆ ಬಂದು ತಿದ್ದುಪಡಿ ಮಾಡಿಸ್ತೀಯಾ?"

"ಹುಣಸೆ ಪೂರಾ ಎಲೆ ಉದುರಿಸಲ್ಲ ಸಾರ್."

ಅವನು ತಮಾಷೆಗೆ ಹೇಳಿದ್ದಲ್ಲ. ರೈಟರಿಗೆ ನಗು ತಡೆಯಲಾಗಲಿಲ್ಲ. ನಾನು ಬಾಯಿ ಹಾಕಿದೆ. "ಸಾರ್, ಮನೆ ನಂಬರ್ ಯಾರು ಬೇಕಾದ್ರೂ ಸುಳ್ಳು ಹೇಳ್ಬೋದು. ಒಂಟಿ ಹುಣಸೆ ಅಂದ್ರೆ ನಮ್ಮ ಸುತ್ತಮುತ್ತ ಗೊತ್ತಿಲ್ದೋರು ಯಾರಿದ್ದಾರೆ? ನಮ್ಮ ತಾತನ ಕಾಲದಿಂದ ಒಂದಿಂಚು ಆ ಕಡೆ ಈ ಕಡೆ ಹೋಗಿಲ್ಲ."

ನಮ್ಮಲ್ಲಿ ಮನೆಗಳಿಗೆ ನಂಬರು, ಮರಗಳಿಗೆ ಹೆಸರು. ಒಂಟಿ ಹುಣಸೆ, ಜೋಡಿ ಹಲಸು, ಗಂಟೆ ಮಾವು, ದಾಸಯ್ಯನ ನೇರಳೆ. ರೈಟರಿಗೂ ಎಲ್ಲವೂ ಗೊತ್ತಿತ್ತು, ಚಿಕ್ಕಂದಿನಲ್ಲಿ ಎಲ್ಲದಕ್ಕೂ ಕಲ್ಲು ಹೊಡೆದವರೇ. ಬರೆದುಕೊಂಡರು.

ಮರ ಬದಲಾದಾಗೆಲ್ಲ ಹೋಗಿ ಹೇಳುವುದು ಅವನ ಪಾಡು. ಒಂದು ಮರದ ಕೆಳಗೆ ನಾಲ್ಕು ದಿನ, ಇನ್ನೊಂದರ ಕೆಳಗೆ ವಾರ. ಲಾರಿ ಬಂದು ನಿಂತಿರಲಿ, ಕೂಲಿಯವರು ಕಾಯುತ್ತಿರಲಿ, "ಹೋಗ್ಬಂದ್ಬಿಡ್ತೀನಕ್ಕಾ" ಎಂದು ಟವೆಲ್ ಹೆಗಲಿಗೆ ಹಾಕಿ ನಡೆದುಬಿಡುತ್ತಿದ್ದ. ಒಂದು ಹಲಸಿನ ಮರವಂತೂ ಎರಡು ಠಾಣೆಗಳ ಗಡಿಯ ಮೇಲೇ ಇತ್ತು. "ಮಲಗುವಾಗ ತಲೆ ಯಾವ ಕಡೆ ಹಾಕ್ತೀಯ?" ಎಂದು ರೈಟರ್ ರೇಗಿಸಿದರು. "ತಲೆ ನಿಮ್ಮ ಕಡೆ, ಕಾಲು ಅವ್ರ ಕಡೆ" ಎಂದು ಇವನು ಹೇಳಿ, ಅಲ್ಲಿಂದ ಆ ಇನ್ನೊಂದು ಠಾಣೆಗೂ ನಡೆದುಕೊಂಡು ಹೋಗಿ ಹೇಳಿ ಬಂದ. ಕಾಲಿನ ಲೆಕ್ಕಕ್ಕೆ!

ಒಂಟಿ ಹುಣಸೆಯ ಮಾಲೀಕ ಪಿಳ್ಳಪ್ಪಣ್ಣನ ಕಥೆ ಬೇರೆಯೇ. ಇವನು ಎರಡನೇ ಸಲ ಜೈಲಿಗೆ ಹೋದದ್ದೇ ಪಿಳ್ಳಪ್ಪಣ್ಣನ ಬೋರಿನ ಕೇಬಲ್ ಕದ್ದು. ನನಗೆ ಅದು ಗೊತ್ತಿರಲಿಲ್ಲ. ಇವನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದಾಗ ಮುದುಕ ಕೂಗಾಡಿಬಿಟ್ಟ.

"ಏನಮ್ಮಯ್ಯಾ ನಂಜಮ್ಮಾ! ಕೇಬಲ್ ಕದ್ದೋನ್ನೇ ತಂದು ನನ್ನ ಹೊಲದಾಗೆ ಮಲಗಿಸ್ತೀಯಲ್ಲಾ, ನಿನಗೇನು ಬುದ್ಧಿ ಇಲ್ವಾ?"

ನಾನು ಸೋಲುವವಳೇ? "ಪಿಳ್ಳಪ್ಪಣ್ಣಾ, ಯೋಚ್ನೆ ಮಾಡಿ. ಕಳ್ಳ ಯಾವ ಕಡೆಯಿಂದ ಬರ್ತಾನೆ ಅಂತ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರ್ತದೆ? ಬಿಟ್ಟಿ ಕಾವಲು ಸಿಗ್ತಾ ಐತೆ ನಿಮಗೆ."

ಮುದುಕ ಒಪ್ಪಿದ, ನಂಬಲಿಲ್ಲ. ಅಂದಿನಿಂದ ರಾತ್ರಿ ಎದ್ದೆದ್ದು ಬ್ಯಾಟರಿ ಬಿಟ್ಟು ನೋಡುವುದೇ ಅವನ ಕೆಲಸವಾಯಿತು. ಕಳ್ಳ ಇದ್ದಾನೋ, ಎದ್ದು ಹೋದನೋ? ಇವನು ಬೆಳಿಗ್ಗೆ ಎದ್ದು ವಿನಯವಾಗಿ ಕೇಳುತ್ತಿದ್ದ: "ಅಪ್ಪಾಜಿ, ನೆನ್ನೆ ಎರಡೇ ಸಲ ಬಂದ್ರಿ. ಮೈ ಹುಷಾರಿಲ್ವಾ?"

ಈಗ ನನ್ನ ತಪ್ಪಿಗೆ ಬರುತ್ತೇನೆ. ಬುದ್ಧಿವಂತರು ಮಾಡುವ ತಪ್ಪು. ದಡ್ಡರಿಗೆ ಹೊಳೆಯುವುದೇ ಇಲ್ಲ.

ಮೂರನೇ ವರ್ಷ. ಒಳ್ಳೇ ಫಸಲು. ಇವನ ಠಾಣೆ ಓಡಾಟದಿಂದ ಎರಡು ಸಲ ಲಾರಿ ತಡವಾಯಿತು. ನಾನು ರೈಟರ್ ಹತ್ತಿರ ಹೋದೆ. "ಸಾರ್, ನಿಮಗೂ ಮರ ಬರೆದೂ ಬರೆದೂ ಸಾಕಾಗೈತೆ, ನನಗೂ ಕೆಲಸ ಕೆಡ್ತಾ ಐತೆ. ನನ್ನ ಗೋಡೌನ್ ವಿಳಾಸ ಹಾಕ್ಬಿಡಿ. ಕಾಯಂ. ಇಬ್ರಿಗೂ ಸುಖ." ರೈಟರ್ ಪೆನ್ನು ಎತ್ತಿಕೊಂಡು, ಅರೆನಿಮಿಷವೂ ಯೋಚಿಸದೆ ಬರೆದರು. ನಾನು ಬೀಗಿದೆ. ಒಂದೇ ಮಾತಿನಲ್ಲಿ ಮುಗಿದ ಚೌಕಾಸಿ!

ಅವನು ಮಾತ್ರ ಮುಖ ಸಣ್ಣದು ಮಾಡಿಕೊಂಡ. "ನಾನು ಅಲ್ಲಿರಲ್ವಲ್ಲಕ್ಕಾ."

"ಇದ್ದೀಯ ಅಂತ ಬರ್ಕೊಂಡಿದ್ದಾರಲ್ಲ, ಬಿಡೋ."

"ಬರ್ಕೊಂಡ್ರೆ ಇದ್ದಂಗಾಗ್ತದಾ?"

ಕಾನೂನು ನನಗೆ ಹೇಳಿಕೊಡುತ್ತೀಯಾ ಎಂದು ಗದರಿಸಿದೆ. ಕೆಲವು ತಿಂಗಳು ಆರಾಮಾಗಿ ಹೋಯಿತು.

ಆಮೇಲೆ ಒಂದು ಬೆಳಿಗ್ಗೆ ಸುದ್ದಿ ಬಂತು. ಪಕ್ಕದ ಊರಲ್ಲಿ ಒಂದೇ ರಾತ್ರಿ ನಾಲ್ಕು ಬೋರಿನ ಕೇಬಲ್ ಹೋಗಿದೆ. ಠಾಣೆಗೆ ಹೊಸ ಎಸ್.ಐ. ಬಂದಿದ್ದರು, ಹುಡುಗು ಮುಖ, ಚುರುಕು ಮನುಷ್ಯ. ಹಳೇ ಕೇಬಲ್ ಕಳ್ಳರ ವಿಳಾಸಗಳನ್ನು ಹಿಡಿದುಕೊಂಡು ಹೊರಟವರು ಮೊದಲು ಬಂದದ್ದು ನನ್ನ ಗೋಡೌನಿಗೆ. ಬೀಗ ಹಾಕಿತ್ತು. ಪಕ್ಕದ ಅಂಗಡಿಯ ಟೈಲರ್ ಇದ್ದದ್ದನ್ನು ಇದ್ದ ಹಾಗೇ ಹೇಳಿದನಂತೆ: "ಇಲ್ಲಿ ಯಾರೂ ಮಲಗಲ್ಲ ಸಾರ್. ಹುಣಸೆ ಮೂಟೆ ಬಿಟ್ರೆ ಏನೂ ಇಲ್ಲ."

ಟೈಲರ್ ನನಗೆ ಫೋನ್ ಮಾಡಿ ತಿಳಿಸಿದ. ಸುಳ್ಳು ವಿಳಾಸ, ಮೇಲೆ ಕೇಬಲ್ ಕಳ್ಳತನ. ಅವನ ಮೂರು ವರ್ಷ ಮುಗಿಯಲು ಇನ್ನು ಎರಡು ತಿಂಗಳು ಇತ್ತು ಅಷ್ಟೇ. ಈಗ ಒಳಗೆ ಹೋದರೆ ಮತ್ತೆ ಮೊದಲಿನಿಂದ. ಅವನಿಗೆ ಫೋನ್ ಹಚ್ಚಿದೆ. ಅವನು ಒಂಟಿ ಹುಣಸೆಯ ಮೇಲಿದ್ದ.

"ಲೋ, ಇಳ್ದು ಮೊದ್ಲು ಹೊಸಕೋಟೆ ಕಡೆ ಹೊರಟೋಗು. ನಾಲ್ಕು ದಿನ ಸುಮ್ನಿರು. ನಾನು ಎಲ್ಲಾ ಮಾತಾಡ್ತೀನಿ."

ಮೇಲಿಂದ ಗಾಳಿಯ ಸದ್ದು ಕೇಳುತ್ತಿತ್ತು. ಅವನು ನಿಧಾನಕ್ಕೆ ಹೇಳಿದ: "ಹೊಸಕೋಟೆಗೆ ಹೋಗೋದಾದ್ರೂ ಠಾಣೆಗೆ ಹೇಳಿ ಹೋಗ್ಬೇಕಲ್ಲಕ್ಕಾ. ಹೆಂಗೂ ಅಲ್ಗೇ ಹೋಗ್ಬೇಕು. ನಡೀತೀನಿ."

ನಾನು ಸ್ಕೂಟಿಯಲ್ಲಿ ಹಾರಿ ಹೋಗುವಷ್ಟರಲ್ಲಿ ಅವನು ಎಸ್.ಐ. ಮೇಜಿನ ಮುಂದೆ ನಿಂತಿದ್ದ. ತಲೆಗೂದಲಲ್ಲಿ ಇನ್ನೂ ಹುಣಸೆ ಎಲೆ.

"ಗೋಡೌನ್ ಅಂತ ಬರೆಸಿ ಮರದ ಕೆಳಗೆ ಮಲಗ್ತೀಯ. ಕದಿಯೋ ಉದ್ದೇಶ ಇಲ್ದಿದ್ರೆ ಸುಳ್ಳು ವಿಳಾಸ ಯಾಕಯ್ಯಾ ಕೊಡ್ತೀಯ?" ಎಸ್.ಐ. ಕೇಳುತ್ತಿದ್ದರು.

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಸಾಕಿತ್ತು, ನನ್ನ ಹೆಸರು ಹೇಳಿದ ಹಾಗಾಗುತ್ತಿತ್ತು. ದಾರಿಯುದ್ದಕ್ಕೂ ನಾಲ್ಕು ಥರದ ಚೌಕಾಸಿ ಜೋಡಿಸಿಕೊಂಡು ಬಂದಿದ್ದ ನನ್ನ ಬಾಯಿಗೆ ಅವುಗಳಲ್ಲಿ ಒಂದೂ ಬರಲಿಲ್ಲ.

"ವಿಳಾಸ ಕೊಟ್ಟೋಳು ನಾನು ಸಾರ್. ಅವನು ಬೇಡ ಅಂದ. ನಾನೇ ಬರೆಸ್ದೆ."

"ಅವನ ಪರ ಬಂದೋರೆಲ್ಲ ಹಿಂಗೇ ಹೇಳೋದು. ನೀವು ಸುಮ್ನಿರಿ ಅಮ್ಮಾ."

ಆಗ ಅವನು ಬಾಯಿಬಿಟ್ಟ. "ಸಾರ್, ಪುಸ್ತಕದಾಗೆ ಏನೈತೋ ಗೊತ್ತಿಲ್ಲ. ಮರ ಬದಲಾದಾಗೆಲ್ಲ ನಾನು ಇಲ್ಲಿಗೆ ಬಂದು ಹೇಳಿದ್ದೀನಿ."

ನನ್ನ ಚೌಕಾಸಿ ಆದ ಮೇಲೂ ಬರುತ್ತಿದ್ದನೇ? ನೀರು ಕುಡಿದು ಬರುತ್ತೇನೆ, ಬೀಡಿ ತಂದುಕೊಳ್ಳುತ್ತೇನೆ ಎಂದು ಹೋಗುತ್ತಿದ್ದದ್ದು ಇಲ್ಲಿಗೇ!

"ಯಾರಿಗೆ ಹೇಳಿದ್ದೀಯ?"

ಇವನು ನೆಲ ನೋಡಿದ. ಹೆಸರು ಹೇಳಿದರೆ ಮುದುಕ ರೈಟರಿಗೆ ಏಟು ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಎಸ್.ಐ. ಮತ್ತೆ ಕೇಳಿದರು. ಇವನು ಮತ್ತೆ ನೆಲ ನೋಡಿದ. ಮೂಲೆಯಲ್ಲಿ ಕೂತಿದ್ದ ರೈಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಬಾಗಿಲ ಹಿಂದಿನ ಮೊಳೆಯಿಂದ, ದಿನಕ್ಕೊಂದು ಚೌಕವಿರುತ್ತದಲ್ಲ, ಆ ದೊಡ್ಡ ಕ್ಯಾಲೆಂಡರನ್ನು ತೆಗೆದು ಮೇಜಿನ ಮೇಲೆ ಹಾಸಿದರು.

"ನನಗೆ ಸಾರ್. ಪುಸ್ತಕದಲ್ಲಿ ಗೋಡೌನ್ ಅಂತ ಆಗ್ಬಿಟ್ಟಿತ್ತು, ತಿದ್ದೋಕೆ ಬೇಜಾರು. ಬೇಡ ಅಂದ್ರೂ ಬಾಗಿಲಲ್ಲಿ ನಿಂತು ಹೇಳಿ ಹೋಗ್ತಿದ್ದ. ಸುಮ್ನೆ ಗೀಚ್ಕೊಂಡಿದ್ದೀನಿ."

ಬಗ್ಗಿ ನೋಡಿದೆವು. ಹಾಲಿನ ಗುರುತು, ಬಂದೋಬಸ್ತು ಡ್ಯೂಟಿ, ಗ್ಯಾಸ್ ಬಂದ ದಿನ, ಇವುಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ನನ್ನ ಮರಗಳು! ಗಂಟೆ ಮಾವು. ದಾಸಯ್ಯನ ನೇರಳೆ. ಜೋಡಿ ಹಲಸು. ಎಸ್.ಐ. ಹಾಳೆ ಮಗುಚುತ್ತಾ ಹೋದರು. ಕೊನೆಗೆ ಕಳ್ಳತನವಾದ ದಿನಕ್ಕೆ ನಾಲ್ಕು ದಿನ ಹಿಂದಿನ ಚೌಕದಲ್ಲಿ ಬೆರಳು ನಿಂತಿತು: ಒಂಟಿ ಹುಣಸೆ.

"ಸರಿ, ಹೇಳಿದ್ದಾನೆ. ಆ ರಾತ್ರಿ ಮರದ ಕೆಳಗೇ ಇದ್ದ ಅನ್ನೋದಕ್ಕೆ ಏನು ಗ್ಯಾರಂಟಿ?"

ನಾನು ಉತ್ತರ ಕೊಡಲು ನಿಲ್ಲಲಿಲ್ಲ. ಸ್ಕೂಟಿ ತಿರುಗಿಸಿದೆ.

ಪಿಳ್ಳಪ್ಪಣ್ಣ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಠಾಣೆಗಾ? ನಾನು ಬರಲ್ಲಮ್ಮ. ಕಳ್ಳನ ಪರ ಸಾಕ್ಷಿ ಹೇಳೋಕೆ ನನಗೇನು ಹುಚ್ಚಾ?" ಮುಂದಿನ ವರ್ಷದ ಗುತ್ತಿಗೆ ಎತ್ತಿದೆ, ಊರಿನ ಮರ್ಯಾದೆ ಎತ್ತಿದೆ, ಪುಣ್ಯ ಎತ್ತಿದೆ. ಒಂದಕ್ಕೂ ಜಗ್ಗಲಿಲ್ಲ. ಸಾಕಾಗಿ ಎದ್ದು, "ಹೋಗ್ಲಿ ಬಿಡಿ. ಆ ರಾತ್ರಿ ಅವನು ನಿಮ್ಮ ಕಣ್ಣು ತಪ್ಪಿಸಿ ಎದ್ದು ಹೋಗಿ, ನಾಲ್ಕು ಬೋರು ಕತ್ತರಿಸಿ, ವಾಪಸ್ ಬಂದು ಮಲಗಿದ ಅಂತ ಅಂತಿದ್ದಾರೆ. ಅಷ್ಟೇ" ಅಂದೆ.

ಎಲೆ ಕೈಯಿಂದ ಬಿತ್ತು. "ಯಾವನವ್ನು ಹಂಗಂದೋನು? ನನ್ನ ಕಣ್ಣು ತಪ್ಪಿಸಿ? ತೆಗಿಯಮ್ಮಾ ಗಾಡಿ!"

ಠಾಣೆಯಲ್ಲಿ ಪಿಳ್ಳಪ್ಪಣ್ಣ ಕೂರಲಿಲ್ಲ. ನಿಂತೇ ಶುರು ಮಾಡಿದ. "ಸ್ವಾಮಿ, ನಾನು ಇವನ್ನ ನಂಬಲ್ಲ. ಅವತ್ತೂ ನಂಬ್ಲಿಲ್ಲ, ಇವತ್ತೂ ನಂಬಲ್ಲ. ಅದಕ್ಕೇ ರಾತ್ರಿ ಮೂರು ಸಲ ಎದ್ದು ಹೋಗಿ ಮುಖಕ್ಕೆ ಬ್ಯಾಟರಿ ಬಿಟ್ಟು ನೋಡ್ತೀನಿ. ಅವತ್ತು ನಿಮ್ಮ ಕೇಬಲ್ ಹೋದ ರಾತ್ರಿ ನಾಯಿ ಬೇರೆ ಬೊಗಳ್ತಾ ಇತ್ತು, ಐದು ಸಲ ಎದ್ದೆ. ಐದು ಸಲಾನೂ ಬಿದ್ಕೊಂಡಿದ್ದ, ಗೊರಕೆ ಹೊಡೀತಾ. ಇವನು ಕದ್ರೆ ನನಗಿಂತ ಮೊದ್ಲು ನಿಮಗೆ ಹೆಂಗೆ ಗೊತ್ತಾಗ್ತದೆ? ಕಳ್ಳನ್ನ ಕಾಯೋದು ನಾನು, ಸಂಬಳ ತಗೊಳೋರು ನೀವು!"

ಎಸ್.ಐ. ನಕ್ಕರು ನೋಡಿ, ಇಡೀ ಠಾಣೆ ನಕ್ಕಿತು. ಅವನು ನಗಲಿಲ್ಲ. ಪಿಳ್ಳಪ್ಪಣ್ಣನ ಕಡೆ ತಿರುಗಿ ಕೈಮುಗಿದ. "ನೋಡು, ಗೊರಕೆ ಕಡಿಮೆ ಮಾಡ್ಕೋ, ನನಗೂ ನಿದ್ದೆ ಇಲ್ಲ" ಎಂದು ಮುದುಕ ಗೊಣಗಿದ.

ಎಸ್.ಐ. ಪುಸ್ತಕ ತರಿಸಿ, ಗೋಡೌನ್ ವಿಳಾಸಕ್ಕೆ ಅಡ್ಡಗೆರೆ ಎಳೆಸಿ, ತಾವೇ ಹೇಳಿ ಬರೆಸಿದರು: ನಿಗದಿತ ಮನೆ ಇಲ್ಲ. ಸದ್ಯದ ವಿಳಾಸ ಒಂಟಿ ಹುಣಸೆಮರದ ಕೆಳಗೆ, ಪಿಳ್ಳಪ್ಪನವರ ಜಮೀನು. ಹೇಳಿದ್ದಕ್ಕೆ ಅವನಿಗೂ ಒಂದು ಚೀಟಿ, ಸೀಲು ಸಹಿತ. ರೈಟರಿಗೆ ಬಿಸಿಬಿಸಿಯಾಗಿ ಎರಡು ಮಾತು ಬಿತ್ತು. ನನಗೂ ಒಂದು: "ಅಮ್ಮಾ, ನಿಮ್ಮ ವ್ಯಾಪಾರ ಮರದ ಹತ್ರ ಇಟ್ಕೊಳ್ಳಿ. ಠಾಣೆ ಪುಸ್ತಕದ ಹತ್ರ ಬೇಡ." ಕೇಬಲ್ ಕದ್ದ ನಿಜವಾದ ಕಳ್ಳರು ಹದಿನೈದು ದಿನದಲ್ಲಿ ಬೇರೆ ತಾಲ್ಲೂಕಿನಲ್ಲಿ ಸಿಕ್ಕಿಬಿದ್ದರು.

ಇದನ್ನು ಓದುವವರಲ್ಲಿ ಯಾರ ಮನೆಯವರ ಮೇಲಾದರೂ ಇಂಥ ಆದೇಶವಿದ್ದರೆ ನನ್ನ ಮಾತು ಕೇಳಿ. ಮನೆ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ. ಬಸ್‌ಸ್ಟ್ಯಾಂಡಾದರೆ ಬಸ್‌ಸ್ಟ್ಯಾಂಡು, ಮರವಾದರೆ ಮರ. ಹೇಳಿದ್ದಕ್ಕೆ ಸೀಲು ಹಾಕಿದ ಚೀಟಿ ತೆಗೆದುಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಎಲ್ಲರ ಪಾಲಿಗೂ ಕ್ಯಾಲೆಂಡರ್ ಇರುವುದಿಲ್ಲ. ನನ್ನಂಥವಳು ಸುಲಭದ ದಾರಿ ಹೇಳಿದರೆ ಕಿವಿ ಮುಚ್ಚಿಕೊಳ್ಳಿ.

ಎರಡು ತಿಂಗಳು ಕಳೆದು ಅವನ ಕೊನೆಯ ದಿನ ಬಂತು. ಆ ದಿನ ಕೆಲಸ ನಿಲ್ಲಿಸಿ ನಾನೂ ಹೋದೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಠಾಣೆಯ ಬಾಗಿಲಲ್ಲಿ ನಿಂತು ಬೆರಳು ಮಡಚಿ ಚೌಕಟ್ಟಿಗೆ ಎರಡು ಸಲ ತಟ್ಟಿ ಒಳಗೆ ಹೋದ. ರೈಟರ್ ಕೊನೆಯ ಸಾಲು ಬರೆದರು, ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು, ಪುಸ್ತಕ ಮುಚ್ಚಿದರು. "ಮುಗೀತು ಕಣಯ್ಯಾ. ಇನ್ಮೇಲೆ ಬರ್ಬೇಡ" ಎಂದವರು, ಮೂರು ವರ್ಷದ ಅಭ್ಯಾಸ ನೋಡಿ, ಪೆನ್ನಿನ ಮುಚ್ಚಳ ಮತ್ತೆ ತೆಗೆದು ಕೇಳಿದರು: "ಮುಂದಿನ ಮರ ಯಾವ್ದು?"

ಅವನು ಹೇಳಲು ಬಾಯಿ ತೆರೆದ. ಹಾಗೇ ನಿಂತ. ಮುಖದಲ್ಲಿ ಏನೋ ನಿಧಾನವಾಗಿ ಬಿರಿಯಿತು.

"ಹೇಳಲ್ಲ ಸಾರ್."

ರೈಟರ್ ಬಿದ್ದೂ ಬಿದ್ದೂ ನಕ್ಕರು. "ಹೇಳ್ಬೇಡ! ಹೇಳ್ಬೇಡ ಹೋಗು!"

ಹೊರಗೆ ಬಂದ ಮೇಲೆ ನಾನು ಕೇಳಿದೆ, "ನನಗಾದ್ರೂ ಹೇಳೋ."

"ನಿಮಗೂ ಹೇಳಲ್ಲಕ್ಕಾ" ಎಂದ. ಅವನು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಚೀಲ ಹೆಗಲಿಗೇರಿಸಿ ರಸ್ತೆ ದಾಟಿದ. ಒಂದು ಬಸ್ಸು ಬಂದು ನಿಂತಿತು. ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಯ ಬೋರ್ಡು ಓದುವ ಚಟ ನನ್ನದು. ಕಣ್ಣು ತಾನಾಗಿಯೇ ಅತ್ತ ಹೊರಳಿತು. ತಟಕ್ಕನೆ ಠಾಣೆಯ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟೆ. ಬಸ್ಸು ಹೊರಟ ಸದ್ದು ಪೂರ್ತಿ ಅಡಗಿದ ಮೇಲೆಯೇ ಈ ಕಡೆ ತಿರುಗಿದ್ದು.